ಜೈಲಿನ ಲೆಕ್ಕಕ್ಕೆ ಸಿಗದ ಕಾಯಿಲೆ

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 103ನೇ ಸೆಕ್ಷನ್‌ನಲ್ಲಿ ಒಂದು ಸಾಲಿದೆ. ಪ್ರತಿ ಜೈಲಿನ ವೈದ್ಯಾಧಿಕಾರಿ ಮೂರು ತಿಂಗಳಿಗೊಮ್ಮೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ವರದಿ ಕಳಿಸಬೇಕು. ತಮ್ಮ ಜೈಲಿನಲ್ಲಿ ಮಾನಸಿಕ ಕಾಯಿಲೆಯ ಕೈದಿ ಯಾರೂ ಇಲ್ಲ ಎಂದು ಅದರಲ್ಲಿ ದೃಢೀಕರಿಸಬೇಕು. ಎಷ್ಟು ಮಂದಿ ಇದ್ದಾರೆ, ಅವರಿಗೆ ಏನು ಚಿಕಿತ್ಸೆ ನಡೆಯುತ್ತಿದೆ ಎಂದು ಆ ಸಾಲು ಕೇಳುವುದಿಲ್ಲ. ಯಾರೂ ಇಲ್ಲ ಎಂದು ಬರೆದುಕೊಡಿ ಎನ್ನುತ್ತದೆ.

ಕಾಯ್ದೆ ಮಾಡಿದವರ ಉದ್ದೇಶ ಒಳ್ಳೆಯದೇ. ಕಾಯಿಲೆಯವರು ಜೈಲಿನಲ್ಲಿ ಕೊಳೆಯಬಾರದು, ಆಸ್ಪತ್ರೆಯಲ್ಲಿ ಇರಬೇಕು. ಅಂಥವರಿಗಾಗಿ ಪ್ರತಿ ರಾಜ್ಯದ ಒಂದು ಜೈಲಿನ ವೈದ್ಯಕೀಯ ವಿಭಾಗದಲ್ಲಾದರೂ ಮಾನಸಿಕ ಆರೋಗ್ಯ ಘಟಕ ಇರಬೇಕು ಎಂದು ಅದೇ ಸೆಕ್ಷನ್ ಹೇಳುತ್ತದೆ. ಆದರೆ ಸರ್ಕಾರಿ ಕಾಗದದ ಸ್ವಭಾವ ಬಲ್ಲವರಿಗೆ ಮುಂದಿನದು ಗೊತ್ತು. ‘ಇಲ್ಲ’ ಎಂದು ಬರೆದುಕೊಡಬೇಕಾದ ಕಡೆ ಹುಡುಕುವ ಕೆಲಸ ತಾನಾಗಿಯೇ ನಿಂತುಹೋಗುತ್ತದೆ.

ಹುಡುಕಿದರೆ ಏನು ಸಿಗುತ್ತದೆ ಎಂಬುದನ್ನು ನಮ್ಮದೇ ರಾಜ್ಯದ ನಿಮ್ಹಾನ್ಸ್ ತೋರಿಸಿಕೊಟ್ಟಿದೆ. ಡಾ. ಸುರೇಶ್ ಬಡಾ ಮಠ, ಮುಂದೆ ಆ ಸಂಸ್ಥೆಯ ನಿರ್ದೇಶಕಿಯಾದ ಡಾ. ಪ್ರತಿಮಾ ಮೂರ್ತಿ ಮತ್ತು ಸಂಗಡಿಗರು ಬೆಂಗಳೂರಿನ ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹದಲ್ಲಿ 5,024 ಕೈದಿಗಳನ್ನು ಒಬ್ಬೊಬ್ಬರನ್ನಾಗಿ ಮಾತಾಡಿಸಿ ಪರೀಕ್ಷಿಸಿದರು. ಆ ವರದಿ 2011ರಲ್ಲಿ ಪ್ರಕಟವಾಯಿತು. ಮಾನಸಿಕ ಕಾಯಿಲೆಯೋ ಮಾದಕ ವಸ್ತುಗಳ ಚಟವೋ ಎರಡೂ ಸೇರಿಯೋ ಇದ್ದವರು 4,002 ಮಂದಿ, ನೂರಕ್ಕೆ ಹೆಚ್ಚುಕಡಿಮೆ ಎಂಬತ್ತು. ಕುಡಿತ, ತಂಬಾಕು, ಗಾಂಜಾದ ಲೆಕ್ಕವನ್ನೆಲ್ಲ ಬದಿಗಿಟ್ಟರೂ ಮಾನಸಿಕ ಕಾಯಿಲೆ ಎಂದೇ ಗುರುತಿಸಬಹುದಾದವರು 1,389 ಮಂದಿ ಉಳಿದರು. ಅಂದರೆ ನೂರಕ್ಕೆ 27.6. ಇತ್ತ, ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ಪ್ರಕಟಿಸುವ ಜೈಲು ಅಂಕಿಅಂಶ ನೋಡಿ: 2021ರಲ್ಲಿ ದೇಶದ ಜೈಲುಗಳಲ್ಲಿದ್ದ ಐದೂವರೆ ಲಕ್ಷ ಜನರಲ್ಲಿ ಮಾನಸಿಕ ಕಾಯಿಲೆಯವರು ಸುಮಾರು 9,000. ನೂರಕ್ಕೆ ಎರಡೂ ಇಲ್ಲ. ಈ ಎರಡು ಲೆಕ್ಕಗಳ ನಡುವೆ ಎಷ್ಟು ಸಾವಿರ ಜನ ಕಣ್ಮರೆಯಾಗಿದ್ದಾರೆ ಎಂದು ಯೋಚಿಸಿದರೆ ಸಂಕಟವಾಗುತ್ತದೆ.

ಜೈಲಿನಲ್ಲಿ ಸಾಮಾನ್ಯವಾಗಿ ಕಣ್ಣಿಗೆ ಬೀಳುವವನು ಕೂಗಾಡುವವನು, ಬಟ್ಟೆ ಹರಿದುಕೊಳ್ಳುವವನು, ಊಟದ ತಟ್ಟೆ ಎಸೆಯುವವನು. ಖಿನ್ನತೆ ಹಿಡಿದವನು ಮೂಲೆಯಲ್ಲಿ ಕೂತಿರುತ್ತಾನೆ. ಯಾರ ತಂಟೆಗೂ ಹೋಗುವುದಿಲ್ಲ, ಕರೆದರೆ ನಿಧಾನಕ್ಕೆ ಏಳುತ್ತಾನೆ, ಊಟ ಅರ್ಧ ಬಿಡುತ್ತಾನೆ. ಸಿಬ್ಬಂದಿಯ ಪಾಲಿಗೆ ಅವನು ಒಳ್ಳೆಯ ಕೈದಿ, ಏಕೆಂದರೆ ಅವನಿಂದ ಯಾವ ತಾಪತ್ರಯವೂ ಇಲ್ಲ. ಒಂದು ಬೆಳಗ್ಗೆ ಅವನು ಕಿಟಕಿಯ ಸರಳಿನಲ್ಲಿ ಕಂಡಾಗಷ್ಟೇ ಕಾಯಿಲೆ ಇತ್ತೇನೋ ಎಂಬ ಮಾತು ಬರುತ್ತದೆ. ಜೈಲು ಸುಧಾರಣೆಗಾಗಿ ಸುಪ್ರೀಂ ಕೋರ್ಟ್ ನೇಮಿಸಿದ್ದ ನ್ಯಾಯಮೂರ್ತಿ ಅಮಿತಾವ ರಾಯ್ ಸಮಿತಿ 2017ರಿಂದ 2021ರವರೆಗಿನ ಅಸಹಜ ಸಾವುಗಳನ್ನು ಲೆಕ್ಕ ಹಾಕಿತು. ಒಟ್ಟು 817 ಸಾವುಗಳಲ್ಲಿ 660 ಆತ್ಮಹತ್ಯೆಗಳು.

ಇದೆಲ್ಲ ಬೆಂಗಳೂರಿನ ದೊಡ್ಡ ಜೈಲಿನ ಮಾತು, ನಮ್ಮ ಕಡೆಗೇನು ಎಂದು ಕೆ.ಆರ್. ಪೇಟೆಯ ಓದುಗರು ಕೇಳಬಹುದು. ನಮ್ಮ ಕಡೆಗೇ ಇದು ಹೆಚ್ಚು ಸೇರಿದ್ದು. ದೊಡ್ಡ ಜೈಲಿನಲ್ಲಿ ಆಸ್ಪತ್ರೆಯಾದರೂ ಇದೆ, ನಿಮ್ಹಾನ್ಸ್ ಅದೇ ಊರಲ್ಲಿದೆ. ಸಣ್ಣ ಊರಿನವನ ಗತಿ ನಿರ್ಧಾರವಾಗುವುದು ಠಾಣೆ, ತಾಲ್ಲೂಕು ಆಸ್ಪತ್ರೆ ಮತ್ತು ಮ್ಯಾಜಿಸ್ಟ್ರೇಟ್ ಕೋರ್ಟಿನ ನಡುವೆ ಓಡಾಡುವ ಮೊದಲ ಒಂದೆರಡು ದಿನಗಳಲ್ಲಿ.

ಮಾಕವಳ್ಳಿಯ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಅರೆಯುವ ಕಾಲ ಎಂದಿಟ್ಟುಕೊಳ್ಳಿ. ಗಾಡಿ, ಟ್ರ್ಯಾಕ್ಟರುಗಳ ಸಾಲು ರಸ್ತೆಯುದ್ದಕ್ಕೂ ನಿಂತಿದೆ. ಹೊರಗಿನಿಂದ ಕಬ್ಬು ಕಡಿಯಲು ಬಂದವರ ಗುಡಿಸಲುಗಳೆದ್ದಿವೆ. ಸಂಜೆ ಕುಡಿದ ಮೇಲೆ ಕೂಲಿ ವಿಚಾರಕ್ಕೆ ಜಗಳವಾಗುತ್ತದೆ, ಒಬ್ಬನ ತಲೆಗೆ ಏಟು ಬೀಳುತ್ತದೆ. ಹೊಡೆದವನನ್ನು ಪೊಲೀಸರು ಹಿಡಿಯುತ್ತಾರೆ. ಮರುದಿನ ತಾಲ್ಲೂಕು ಆಸ್ಪತ್ರೆಯಲ್ಲಿ ತಪಾಸಣೆ, ಕೋರ್ಟಿಗೆ ಹಾಜರು, ನ್ಯಾಯಾಂಗ ಬಂಧನ, ಐವತ್ತು ಕಿಲೋಮೀಟರಿಗೂ ಹೆಚ್ಚು ದೂರದ ಮಂಡ್ಯದ ಜಿಲ್ಲಾ ಕಾರಾಗೃಹ. ಇಷ್ಟೂ ಕಡೆ ಅವನ ಬಗ್ಗೆ ಕಾಗದ ಬೆಳೆಯುತ್ತಾ ಹೋಗುತ್ತದೆ. ‘ಕೊನೆಯ ಸಲ ಕುಡಿದದ್ದು ಯಾವಾಗ’ ಎಂದು ಕೇಳಿ ಬರೆದುಕೊಂಡಿದ್ದರೆ ಅವನ ಜೀವಕ್ಕೆ ಅದಕ್ಕಿಂತ ಮುಖ್ಯವಾದ ಸಾಲು ಆ ಕಾಗದಗಳಲ್ಲಿ ಇರುತ್ತಿರಲಿಲ್ಲ.

ಏಕೆಂದರೆ ವರ್ಷಗಟ್ಟಲೆ ದಿನವೂ ಕುಡಿದ ದೇಹಕ್ಕೆ ಥಟ್ಟನೆ ಮದ್ಯ ನಿಂತರೆ ನರಮಂಡಲ ಕೆರಳುತ್ತದೆ. ಆರೇಳು ಗಂಟೆಯಲ್ಲಿ ಕೈ ನಡುಕ, ಬೆವರು, ವಾಕರಿಕೆ ಶುರುವಾಗುತ್ತದೆ. ಮೊದಲೆರಡು ದಿನದೊಳಗೆ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡನೆಯ, ಮೂರನೆಯ ದಿನಕ್ಕೆ ಕೆಲವರು ಪೂರ್ತಿ ಬುದ್ಧಿಭ್ರಮೆಗೆ ಜಾರುತ್ತಾರೆ. ವೈದ್ಯರು ಇದನ್ನು ಡೆಲಿರಿಯಂ ಟ್ರೆಮೆನ್ಸ್ ಎನ್ನುತ್ತಾರೆ. ಆ ಹೊತ್ತಿಗೆ ನಮ್ಮ ಕಬ್ಬು ಕಡಿಯುವವನು ಬ್ಯಾರಕ್ಕಿನ ಹೊಸ ಜಾಗದಲ್ಲಿ, ಗೊತ್ತಿಲ್ಲದ ಮೂವತ್ತು ನಲವತ್ತು ಜನರ ನಡುವೆ ಮಲಗಿರುತ್ತಾನೆ. ರಾತ್ರಿ ಎದ್ದು ಕೂತು, ‘ಅಣ್ಣಾ, ಗೋಡೆ ಮೇಲೆ ಹುಳ ಹರೀತಾ ಅವೆ’ ಎನ್ನುತ್ತಾನೆ. ಇಲ್ಲದ ಬೀಡಿಗೆ ಬೆಂಕಿ ಹಚ್ಚುತ್ತಾನೆ. ಕಬ್ಬಿನ ಗರಿ ಸವರುವಂತೆ ಗಾಳಿಯಲ್ಲಿ ಕೈಯಾಡಿಸುತ್ತಾನೆ. ತಾನು ಎಲ್ಲಿದ್ದೇನೆ, ಇದು ಹಗಲೋ ರಾತ್ರಿಯೋ ತಿಳಿಯುವುದಿಲ್ಲ. ಪಕ್ಕದವನನ್ನು ತನ್ನನ್ನು ಕೊಲ್ಲಲು ಬಂದವನು ಎಂದುಕೊಂಡು ಎಗರುತ್ತಾನೆ. ನೋಡಿದವರಲ್ಲಿ ಒಬ್ಬರು ‘ನಾಟ್ಕ ಆಡ್ತಾವ್ನೆ’ ಎನ್ನುತ್ತಾರೆ, ಇನ್ನೊಬ್ಬರು ‘ಗಾಳಿ ಸೋಕಿದೆ’ ಎನ್ನುತ್ತಾರೆ, ಮತ್ತೊಬ್ಬರು ನಾಲ್ಕು ಬಾರಿಸಿದರೆ ಸರಿಹೋಗುತ್ತಾನೆ ಎನ್ನುತ್ತಾರೆ. ಜ್ವರ ಏರುತ್ತದೆ, ಎದೆ ಬಡಿತ ಏರುತ್ತದೆ, ಚಿಕಿತ್ಸೆ ಸಿಗದಿದ್ದರೆ ಪ್ರಾಣವೇ ಹೋಗಬಹುದು.

ಇದಕ್ಕೆ ಬೇಕಾದ ಔಷಧ ಅಪರೂಪದ್ದಲ್ಲ. ಡಯಾಜೆಪಾಮ್, ಲೊರಾಜೆಪಾಮ್‌ನಂಥ ಮಾತ್ರೆ ಅಥವಾ ಚುಚ್ಚುಮದ್ದು, ಬಿ1 ವಿಟಮಿನ್, ದ್ರವ, ಕಣ್ಣಿಟ್ಟು ನೋಡಿಕೊಳ್ಳುವ ನರ್ಸ್. ಜಿಲ್ಲಾ ಆಸ್ಪತ್ರೆಯಲ್ಲಿ ಇವೆಲ್ಲ ಇರಬೇಕಾದವೇ. ಮೊದಲ ದಿನವೇ ಗುರುತಿಸಿ ಔಷಧ ಶುರುಮಾಡಿದರೆ ಬಹಳ ಮಂದಿ ಆ ಮೂರನೆಯ ರಾತ್ರಿಯವರೆಗೆ ಹೋಗುವುದೇ ಇಲ್ಲ. ಕುಡಿತ ಮನೆಮನೆಯ ಕಷ್ಟವಾಗಿರುವ ಜಿಲ್ಲೆಯಲ್ಲಿ ಜೈಲಿನ ಮಾನಸಿಕ ಆರೋಗ್ಯ ಎಂದರೆ ಮೊದಲು ಇದೇ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಬಂಧಿತನನ್ನು ವೈದ್ಯರು ಪರೀಕ್ಷಿಸಬೇಕು ಎಂಬ ನಿಯಮ ಹಿಂದಿನಿಂದಲೂ ಇದೆ. ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರ ಡಿಸೆಂಬರ್‌ನಲ್ಲಿ ಕೊಟ್ಟ ನಿರ್ದೇಶನದಂತೆ ವಶದಲ್ಲಿರುವವನಿಗೆ 48 ಗಂಟೆಗೊಮ್ಮೆ ತಪಾಸಣೆ ಆಗಬೇಕು. ಆದರೆ ಆ ತಪಾಸಣೆ ಹುಟ್ಟಿದ್ದೇ ಪೊಲೀಸರ ಏಟಿನ ಭಯದಿಂದ. ಹಾಗಾಗಿ ವೈದ್ಯರು ಮೈಮೇಲಿನ ಗಾಯ ನೋಡುತ್ತಾರೆ, ಗಾಯವಿಲ್ಲ ಎಂದು ಬರೆಯುತ್ತಾರೆ, ಸಹಿ ಹಾಕುತ್ತಾರೆ. ಹೊರಗೆ ನೂರು ರೋಗಿಗಳ ಸಾಲು ಕಾದಿರುವಾಗ ಅವರನ್ನೂ ಬೈಯುವಂತಿಲ್ಲ. ಆದರೆ ಅದೇ ಹೊತ್ತಿನಲ್ಲಿ ಇನ್ನೈದು ಮಾತು ಕೇಳಬಹುದು: ರಾತ್ರಿ ನಿದ್ದೆ ಬರುತ್ತದಾ, ಯಾರೂ ಇಲ್ಲದಾಗ ಯಾರೋ ಮಾತಾಡಿದಂತೆ ಕೇಳುತ್ತದಾ, ಸಾಯಬೇಕು ಅನ್ನಿಸಿದೆಯಾ, ಮನೆಯಲ್ಲಿ ಯಾವುದಾದರೂ ಮಾತ್ರೆ ತೊಗೊಳ್ತಿದ್ದೆಯಾ, ಕೊನೆಗೆ ಕುಡಿದದ್ದು ಯಾವಾಗ. ಮಾನಸಿಕ ಆರೋಗ್ಯ ಕಾಯ್ದೆಯಡಿ 2018ರಲ್ಲಿ ಬಂದ ಕೇಂದ್ರದ ನಿಯಮಗಳೂ ಜೈಲಿನೊಳಗೆ ಕಾಲಿಡುವ ಪ್ರತಿಯೊಬ್ಬರ ದೇಹದ ಜೊತೆ ಮನಸ್ಸಿನ ತಪಾಸಣೆಯೂ ಕಡ್ಡಾಯ, ಮಾದಕ ವಸ್ತುಗಳ ಬಳಕೆಯನ್ನೂ ಕೇಳಿ ತಿಳಿಯಬೇಕು ಎನ್ನುತ್ತವೆ. ಜೈಲಿನ ವೈದ್ಯರಿಗೆ ತುರ್ತು ಮಾನಸಿಕ ಚಿಕಿತ್ಸೆಯ ತರಬೇತಿ ಕೊಡಬೇಕಾದ್ದು ಸರ್ಕಾರದ ಹೊಣೆ ಎಂದು ಮೂಲ ಕಾಯ್ದೆಯ 31ನೇ ಸೆಕ್ಷನ್ ಹೇಳುತ್ತದೆ.

ಮನೆಯವರು ಇರುವ ಆರೋಪಿಯ ಕಥೆ ಬೇರೆ. ಅಲ್ಲಿ ಮಾಹಿತಿಗೆ ಬರವಿಲ್ಲ, ಕೇಳುವ ಕಿವಿಗೆ ಬರ. ತಾಯಿಯೊಬ್ಬಳು ಪ್ಲಾಸ್ಟಿಕ್ ಕವರ್ ಹಿಡಿದು ಠಾಣೆ ಬಾಗಿಲಿಗೆ ಬರುತ್ತಾಳೆ. ಅದರೊಳಗೆ ಆಸ್ಪತ್ರೆಯ ಚೀಟಿಗಳು, ಮಡಿಕೆ ಸವೆದ ಹೊರರೋಗಿ ಪುಸ್ತಕ, ಅರ್ಧ ಉಳಿದ ಮಾತ್ರೆ ಸ್ಟ್ರಿಪ್ಪು. ‘ನನ್ನ ಮಗನಿಗೆ ತಲೆ ಸರಿಯಿಲ್ಲ ಸ್ವಾಮಿ, ಮಾತ್ರೆ ಬಿಟ್ಟು ತಿಂಗಳಾಯ್ತು’ ಎನ್ನುತ್ತಾಳೆ. ‘ಅದನ್ನೆಲ್ಲ ಕೋರ್ಟಲ್ಲಿ ಹೇಳಮ್ಮ’ ಎಂದು ಠಾಣೆಯವರು ಕಳಿಸುತ್ತಾರೆ. ಕೋರ್ಟಿನಲ್ಲಿ ವಕೀಲರು ಸಿಗುವಷ್ಟರಲ್ಲಿ ಮಗನನ್ನು ವ್ಯಾನಿಗೆ ಹತ್ತಿಸಿಯಾಗಿರುತ್ತದೆ. ಜೈಲಿನ ಬಾಗಿಲಲ್ಲಿ ಹೊರಗಿನ ಮಾತ್ರೆ ಒಳಗೆ ಬಿಡುವುದಿಲ್ಲ. ಆ ಕವರ್ ಅವಳ ಕೈಯಲ್ಲೇ ಉಳಿಯುತ್ತದೆ.

ಇದನ್ನು ತಪ್ಪಿಸಲು ಹೊಸ ಕಾನೂನೇನೂ ಬೇಕಿಲ್ಲ. ಮೊದಲ ಸಲ ರಿಮ್ಯಾಂಡ್ ಮಾಡುವಾಗ ಆರೋಪಿಯನ್ನು ಮ್ಯಾಜಿಸ್ಟ್ರೇಟ್ ಮುಂದೆ ಖುದ್ದಾಗಿ ನಿಲ್ಲಿಸಲೇಬೇಕು. ಆಗ ‘ನಿನಗೆ ಯಾವುದಾದರೂ ಕಾಯಿಲೆಗೆ ಔಷಧ ನಡೆಯುತ್ತಿದೆಯೇ’ ಎಂದು ಕೇಳಿ, ತಾಯಿಯ ಕೈಯಲ್ಲಿರುವ ಚೀಟಿಯ ಪ್ರತಿಯನ್ನು ವಾರಂಟಿನ ಜೊತೆ ಲಗತ್ತಿಸಿ, ಜೈಲಿನ ವೈದ್ಯಾಧಿಕಾರಿ ಇಂದೇ ನೋಡಬೇಕು ಎಂದು ಒಂದು ಸಾಲು ಆದೇಶ ಬರೆದರೆ ಆ ಕವರಿನಲ್ಲಿದ್ದದ್ದು ಒಳಗೆ ತಲುಪುತ್ತದೆ. ಮಾನಸಿಕ ಕಾಯಿಲೆಯವರಿಗೆ ಉಚಿತ ಕಾನೂನು ನೆರವಿನ ಹಕ್ಕಿದೆ ಎಂದು ತಿಳಿಸುವುದು ಮ್ಯಾಜಿಸ್ಟ್ರೇಟರ, ಪೊಲೀಸರ, ಬಂಧನ ಸಂಸ್ಥೆಯ ಮುಖ್ಯಸ್ಥರ ಕರ್ತವ್ಯ ಎಂದು ಕಾಯ್ದೆಯ 27ನೇ ಸೆಕ್ಷನ್ ಸ್ಪಷ್ಟವಾಗಿ ಬರೆದಿದೆ. ತಾಲ್ಲೂಕು ಕಾನೂನು ಸೇವಾ ಸಮಿತಿ ಇರುವುದು ಕೋರ್ಟಿನ ಆವರಣದಲ್ಲೇ.

ಇನ್ನು ಬಸ್ ನಿಲ್ದಾಣದಲ್ಲಿ, ಸಂತೆಮಾಳದಲ್ಲಿ ತಿರುಗುವ ಗೊತ್ತುಗುರಿಯಿಲ್ಲದ ಜನ. ಯಾರದ್ದೋ ಅಂಗಡಿಯ ಹಣ್ಣು ಎತ್ತಿಕೊಂಡರು, ಕಲ್ಲು ತೂರಿದರು ಎಂದು ದೂರು ಬರುತ್ತದೆ. ಒಂದು ಕಾಲದಲ್ಲಿ ಇಂಥವರನ್ನು ‘ಸುರಕ್ಷತೆಗಾಗಿ’ ಜೈಲಿಗೆ ತಳ್ಳುವ ಪದ್ಧತಿಯೇ ಇತ್ತು. ಪತ್ರಕರ್ತೆ ಶೀಲಾ ಬರ್ಸೆ ಇದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. ಅಪರಾಧ ಮಾಡದ ಮಾನಸಿಕ ಅಸ್ವಸ್ಥರನ್ನು ಜೈಲಿನಲ್ಲಿಡುವುದು ಕಾನೂನುಬಾಹಿರ, ಸಂವಿಧಾನಬಾಹಿರ ಎಂದು ನ್ಯಾಯಾಲಯ 1993ರಲ್ಲಿ ಹೇಳಿತು. ಈಗಿನ ಕಾಯ್ದೆಯ 100ನೇ ಸೆಕ್ಷನ್ ಪ್ರಕಾರ ತನ್ನ ರಕ್ಷಣೆ ತಾನು ಮಾಡಿಕೊಳ್ಳಲಾಗದೆ ಅಲೆಯುವವರನ್ನು ಪೊಲೀಸರು ರಕ್ಷಣೆಗೆ ತೆಗೆದುಕೊಂಡು 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು. ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡುವಂತಿಲ್ಲ. ಊರವರಿಗೆ ಇದು ಗೊತ್ತಿದ್ದರೆ ‘ಒಳಗೆ ಹಾಕಿ ಸಾರ್’ ಎಂಬ ಒತ್ತಡವೂ ಕಡಿಮೆಯಾದೀತು.

ನಿಜವಾಗಿ ಅಪರಾಧ ನಡೆದಿದ್ದರೆ? ಇಲ್ಲಿ ಎರಡು ಪ್ರಶ್ನೆಗಳನ್ನು ಒಂದಕ್ಕೊಂದು ಗಂಟು ಹಾಕುವ ತಪ್ಪು ಎಲ್ಲೆಡೆ ಆಗುತ್ತದೆ. ಕೃತ್ಯ ಎಸಗಿದ ಗಳಿಗೆಯಲ್ಲಿ ಅದು ಏನೆಂದು, ಅದು ತಪ್ಪೆಂದು ತಿಳಿಯುವ ಸ್ಥಿತಿಯಲ್ಲಿ ಅವನಿದ್ದನೇ ಎಂಬುದು ಒಂದು. ಐಪಿಸಿಯ 84ನೇ ಸೆಕ್ಷನ್, ಈಗಿನ ಭಾರತೀಯ ನ್ಯಾಯ ಸಂಹಿತೆಯ 22ನೇ ಸೆಕ್ಷನ್ ಇದಕ್ಕೆ ಸಂಬಂಧಿಸಿದ್ದು. ಅದು ವಿಚಾರಣೆಯಲ್ಲಿ ಸಾಬೀತಾಗಬೇಕಾದ ವಿಷಯ. ಇನ್ನೊಂದು ಪ್ರಶ್ನೆ ಇವತ್ತಿನದು: ಕಟಕಟೆಯಲ್ಲಿ ನಿಂತಿರುವ ಇವನಿಗೆ ಈಗ ತನ್ನ ಮೇಲಿನ ಆರೋಪ ಅರ್ಥವಾಗುತ್ತಿದೆಯೇ, ವಕೀಲರಿಗೆ ತನ್ನ ಕಡೆಯ ಮಾತು ಹೇಳಬಲ್ಲನೇ? ಇಲ್ಲ ಎನಿಸಿದರೆ ಮ್ಯಾಜಿಸ್ಟ್ರೇಟ್ ವೈದ್ಯರ, ಮನೋವೈದ್ಯರ ಪರೀಕ್ಷೆಗೆ ಕಳಿಸಬೇಕು. ಕೊಲೆಯಂಥ ದೊಡ್ಡ ಆರೋಪಗಳಿಗಷ್ಟೇ ಸೀಮಿತವಾದ ವಿಧಿಯಲ್ಲ ಇದು. ಸಣ್ಣ ಕಳ್ಳತನದ ಆರೋಪಿಗೂ ಅನ್ವಯಿಸುತ್ತದೆ.

ಪರೀಕ್ಷೆಯಲ್ಲಿ ಅವನು ವಿಚಾರಣೆ ಎದುರಿಸಲಾರ ಎಂದು ಕಂಡುಬಂದರೆ ಏನಾಗಬೇಕು ಎಂಬುದನ್ನು ದಂಡ ಪ್ರಕ್ರಿಯಾ ಸಂಹಿತೆಯ 330ನೇ ಸೆಕ್ಷನ್‌ಗೆ 2008ರ ತಿದ್ದುಪಡಿ ಬಹಳ ಮಾನವೀಯವಾಗಿ ಬರೆಯಿತು. ಈಗ ಅದು ನಾಗರಿಕ ಸುರಕ್ಷಾ ಸಂಹಿತೆಯ 369ನೇ ಸೆಕ್ಷನ್. ಒಳರೋಗಿಯಾಗಿ ಇರಿಸುವ ಅಗತ್ಯವಿಲ್ಲದಿದ್ದರೆ, ಬಂಧುವೋ ಸ್ನೇಹಿತನೋ ‘ಹತ್ತಿರದ ಆಸ್ಪತ್ರೆಯಲ್ಲಿ ತಪ್ಪದೆ ಚಿಕಿತ್ಸೆ ಕೊಡಿಸುತ್ತೇನೆ, ಇವನಿಂದ ಯಾರಿಗೂ ಅಪಾಯವಾಗದಂತೆ ನೋಡಿಕೊಳ್ಳುತ್ತೇನೆ’ ಎಂದು ಹೊಣೆ ಹೊತ್ತರೆ ಜಾಮೀನಿನ ಮೇಲೆ ಬಿಡಬಹುದು. ಬಿಡಲಾಗದಿದ್ದರೆ ನಿಯಮಿತ ಮನೋಚಿಕಿತ್ಸೆ ಸಿಗುವ ಜಾಗದಲ್ಲೇ ಇರಿಸಬೇಕು. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯದು ಬರೆಯಲಾಗದು. ಆದರೆ ಜಾಮೀನು ಎಂದ ಕೂಡಲೇ ತಾಲ್ಲೂಕಿನಲ್ಲಿ ಎಲ್ಲರೂ ಕೇಳುವುದು ಶ್ಯೂರಿಟಿ ಯಾರು, ಪಹಣಿ ಎಲ್ಲಿ ಎಂದು. ತುಂಡು ಜಮೀನೂ ಇಲ್ಲದ ಮನೆಯವನಿಗೆ, ಅದರಲ್ಲೂ ‘ತಲೆ ಕೆಟ್ಟವನು’ ಎಂಬ ಹಣೆಪಟ್ಟಿ ಬಿದ್ದವನಿಗೆ ಯಾರು ಪಹಣಿ ಕೊಡುತ್ತಾರೆ?

ಹೀಗೆ ಒಳಗೇ ಉಳಿದವನಿಗೆ ಔಷಧ ಸಿಗುವುದಾದರೂ ಸುಲಭವೇ? ಮನೋವೈದ್ಯರು ಜಿಲ್ಲೆಯಲ್ಲಿ ಇದ್ದಾರೆ. ಮಂಡ್ಯ ವೈದ್ಯಕೀಯ ಕಾಲೇಜಿನಲ್ಲಿ, ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಆದಿಚುಂಚನಗಿರಿ ವೈದ್ಯಕೀಯ ಕಾಲೇಜಿನಲ್ಲಿ ಮನೋವೈದ್ಯಕೀಯ ವಿಭಾಗಗಳಿವೆ. ಕೈದಿಯನ್ನು ಅಲ್ಲಿಗೆ ಕರೆದೊಯ್ಯಲು ಬೆಂಗಾವಲು ಬೇಕು. ಬಂದೋಬಸ್ತು, ಹಬ್ಬ, ಚುನಾವಣೆ, ಗಣ್ಯರ ಭೇಟಿ ಎಲ್ಲಕ್ಕೂ ಕರೆಯುವುದು ಅದೇ ಸಶಸ್ತ್ರ ಮೀಸಲು ಪಡೆಯ ಸಿಬ್ಬಂದಿಯನ್ನು. ಕೋರ್ಟಿನ ತಾರೀಖಿಗೆ ಬೆಂಗಾವಲು ಹೊಂದಿಸುವುದೇ ಕಷ್ಟವಾದಾಗ ‘ಮಂಕಾಗಿದ್ದಾನೆ’ ಎಂಬ ಕೈದಿಯ ಆಸ್ಪತ್ರೆ ಸರದಿ ಹಿಂದಕ್ಕೆ ಹೋಗುತ್ತದೆ. ನೂರು ಕಿಲೋಮೀಟರ್ ದೂರದ ನಿಮ್ಹಾನ್ಸ್‌ಗೆ ಕಳಿಸುವುದಂತೂ ಇನ್ನೂ ಕಷ್ಟ. ವೈದ್ಯರೇ ವಾರಕ್ಕೊಂದು ದಿನ ಜೈಲಿಗೆ ಬರುವುದು, ಉಳಿದ ದಿನ ವಿಡಿಯೊದಲ್ಲಿ ನೋಡುವುದು ಇದಕ್ಕಿರುವ ದಾರಿ. ಕೋರ್ಟಿನ ಹಾಜರಿಗೆ ವಿಡಿಯೊ ಆದೀತು ಎನ್ನುವವರು ವೈದ್ಯರಿಗೆ ಆಗದು ಎನ್ನಲಾರರು.

ಮಾತ್ರೆ ಕೊಡುವ ಕೆಲಸಕ್ಕೂ ಜೈಲಿನಲ್ಲಿ ತನ್ನದೇ ತೊಡಕುಗಳಿವೆ, ಹೊರಗಿನವರಿಗೆ ಇವು ಹೊಳೆಯುವುದಿಲ್ಲ. ನಿದ್ದೆ ಬರಿಸುವ ಮಾತ್ರೆಗಳಿಗೆ ಬ್ಯಾರಕ್ಕಿನಲ್ಲಿ ಬೆಲೆಯಿದೆ. ಬೀಡಿಗೆ, ತಿಂಡಿಗೆ ಅವು ಕೈ ಬದಲಾಯಿಸುತ್ತವೆ. ಕಾಯಿಲೆಯವನಿಂದ ಬಲವಂತವಾಗಿ ಕಿತ್ತುಕೊಳ್ಳುವುದೂ ಉಂಟು. ಹಾಗಾಗಿ ಸಿಬ್ಬಂದಿ ಎದುರೇ ನುಂಗಿಸಿ, ಬಾಯಿ ತೆರೆಸಿ, ನಾಲಗೆ ಎತ್ತಿಸಿ ನೋಡಬೇಕು. ಅದಕ್ಕೆ ಪ್ರತಿದಿನ ಒಬ್ಬರು ಬೇಕು. ಆ ಒಬ್ಬರು ಇಲ್ಲದ ಕಡೆ ತಲೆನೋವೇ ಬೇಡವೆಂದು ಮಾತ್ರೆಯನ್ನೇ ನಿಲ್ಲಿಸಿದರೆ ನಷ್ಟ ಯಾರಿಗೆ? ಸ್ಕಿಜೋಫ್ರೇನಿಯಾದವನು ಒಲಾಂಜಪೀನ್, ರಿಸ್ಪೆರಿಡೋನ್ ಬಿಟ್ಟರೆ ಕಾಯಿಲೆ ಕೆಲವು ವಾರಗಳಲ್ಲೇ ಮರುಕಳಿಸಬಹುದು. ಎರಡರಿಂದ ನಾಲ್ಕು ವಾರಕ್ಕೊಮ್ಮೆ ಕೊಟ್ಟರೆ ಸಾಕಾಗುವ ಫ್ಲುಫೆನಜೀನ್‌ನಂಥ ಚುಚ್ಚುಮದ್ದು ಬಹಳ ಹಳೆಯದು, ಅಗ್ಗದ್ದು. ಸರಿಹೊಂದುವ ರೋಗಿಗಳಿಗೆ ಅದನ್ನು ಕೊಟ್ಟರೆ ದಿನನಿತ್ಯದ ಈ ರಂಪ ಅರ್ಧಕ್ಕರ್ಧ ತಪ್ಪುತ್ತದೆ.

ಔಷಧ ಇಲ್ಲದೆ ಕಾಯಿಲೆ ಕೆರಳಿದಾಗ ಜೈಲಿಗೆ ಗೊತ್ತಿರುವ ಒಂದೇ ಉಪಾಯ ಒಂಟಿ ಕೋಣೆ. ಶ್ರೀರಂಗಪಟ್ಟಣದ ಕೋಟೆಯಲ್ಲಿ ಕರ್ನಲ್ ಬೇಲಿಯ ಬಂದೀಖಾನೆ ನೋಡಿದವರಿಗೆ ಗೋಡೆಯಿಂದ ಚಾಚಿದ ಕಲ್ಲಿನ ಹಲಗೆಗಳು ನೆನಪಿರುತ್ತವೆ. ಕೈದಿಗಳ ಸರಪಳಿ ಬಿಗಿಯಲು ಅವುಗಳಲ್ಲಿ ತೂತು ಕೊರೆದಿದೆ. ಪೊಳ್ಳಿಲೂರಿನ ಯುದ್ಧದಲ್ಲಿ ಸೆರೆಸಿಕ್ಕ ಬೇಲಿ 1782ರಲ್ಲಿ ಶ್ರೀರಂಗಪಟ್ಟಣದ ಸೆರೆಯಲ್ಲೇ ಸತ್ತ. ಅಂಥ ಸೆರೆ ಇತಿಹಾಸಕ್ಕೆ ಸೇರಿತು ಎಂದುಕೊಳ್ಳುತ್ತೇವೆ. ಆದರೆ ನಮ್ಮದೇ ರಾಜ್ಯದ ಬಿ.ಎ. ಉಮೇಶ್ ಪ್ರಕರಣದಲ್ಲಿ, ಮರಣದಂಡನೆಗೆ ಗುರಿಯಾದ ಕೈದಿಯನ್ನು ಬೆಳಗಾವಿ ಜೈಲಿನಲ್ಲಿ 2006ರಿಂದ ಸುಮಾರು ಹತ್ತು ವರ್ಷ ಒಂಟಿಯಾಗಿ ಇಡಲಾಗಿತ್ತು. ಅದು ಅವನ ಸ್ವಾಸ್ಥ್ಯದ ಮೇಲೆ ಕೆಟ್ಟ ಪರಿಣಾಮ ಬೀರಿದೆ ಎಂದು ಸುಪ್ರೀಂ ಕೋರ್ಟ್ 2022ರ ನವೆಂಬರ್‌ನಲ್ಲಿ ಒಪ್ಪಿ ಶಿಕ್ಷೆಯನ್ನು ಕಡಿಮೆ ಮಾಡಿತು. ಅವನ ಅಪರಾಧ ಘೋರವಾದದ್ದು, ಅದರ ಬಗ್ಗೆ ಎರಡು ಮಾತಿಲ್ಲ. ಮನುಷ್ಯನನ್ನು ಒಬ್ಬಂಟಿಯಾಗಿ ಕೂಡಿಹಾಕಿದರೆ ಅವನ ಮನಸ್ಸಿಗೆ ಏನಾಗುತ್ತದೆ ಎಂಬುದಕ್ಕೂ ಅಪರಾಧದ ತೂಕಕ್ಕೂ ಸಂಬಂಧವಿಲ್ಲ. ಆರೋಗ್ಯವಂತನಿಗೇ ಹೀಗಾದರೆ, ಮೊದಲೇ ಯಾರೋ ತನ್ನನ್ನು ಕೊಲ್ಲಲು ಬರುತ್ತಿದ್ದಾರೆ ಎಂದು ನಂಬಿರುವವನಿಗೆ ಆ ಕೋಣೆ ಏನು ಮಾಡೀತು?

ಸಾಯುವ ಯೋಚನೆಯಲ್ಲಿರುವವನಿಗೆ ಬೇಕಾದದ್ದು ಇದರ ಉಲ್ಟಾ: ಜೊತೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2023ರಲ್ಲಿ ಕೊಟ್ಟ ಸಲಹೆಯಲ್ಲಿ ಕೈದಿಗಳಲ್ಲೇ ಕೆಲವರನ್ನು ಆರಿಸಿ ತರಬೇತಿ ಕೊಟ್ಟು, ಕುಗ್ಗಿದವರ ಮೇಲೆ ಕಣ್ಣಿಡುವ ‘ಗೇಟ್‌ಕೀಪರ್’ಗಳನ್ನಾಗಿ ಮಾಡಬೇಕು ಎಂಬುದೂ ಸೇರಿತ್ತು. ಜೈಲಿನಲ್ಲಿ ಯಾರು ಊಟ ಬಿಟ್ಟರು, ಯಾರು ಸಂದರ್ಶನ ಮುಗಿಸಿ ಬಂದು ಮಾತು ನಿಲ್ಲಿಸಿದರು, ಯಾರ ಜಾಮೀನು ವಜಾ ಆಯಿತು ಎಂಬುದು ಮೊದಲು ತಿಳಿಯುವುದು ಪಕ್ಕದಲ್ಲಿ ಮಲಗುವವನಿಗೇ. ರಂಗಾಯಣದ ಹುಲುಗಪ್ಪ ಕಟ್ಟಿಮನಿ ಕೈದಿಗಳಿಂದ ನಾಟಕ ಮಾಡಿಸಿ, ಊರೂರಿನ ರಂಗದ ಮೇಲೆ ನಿಲ್ಲಿಸಿದ್ದನ್ನು ನೋಡಿದವರು ನಾವು. ಅಷ್ಟು ದೊಡ್ಡ ಕೆಲಸ ಮಾಡಬಲ್ಲವರಿಗೆ ಪಕ್ಕದವನ ಸಂಕಟ ಗುರುತಿಸಲು ಕಲಿಸುವುದು ಕಷ್ಟವಲ್ಲ.

ಹೊರದೇಶಗಳೂ ಈ ವಿಷಯದಲ್ಲಿ ಎಡವಿವೆ. ಬ್ರಿಟನ್ನಿನ ಲಯೊನೆಲ್ ಪೆನ್‌ರೋಸ್ 1939ರಲ್ಲೇ ಯುರೋಪಿನ ದೇಶಗಳ ಲೆಕ್ಕ ಹೋಲಿಸಿ, ಮಾನಸಿಕ ಆಸ್ಪತ್ರೆಯ ಹಾಸಿಗೆ ಕಡಿಮೆಯಿರುವ ಕಡೆ ಜೈಲು ತುಂಬಿರುತ್ತದೆ ಎಂದು ಬರೆದ. ಅಮೆರಿಕ ತನ್ನ ದೊಡ್ಡ ಹುಚ್ಚಾಸ್ಪತ್ರೆಗಳನ್ನು ಮುಚ್ಚಿತು. ಊರಲ್ಲಿ ಚಿಕಿತ್ಸೆಯ ಏರ್ಪಾಡು ಸಾಕಷ್ಟು ಮಾಡಲಿಲ್ಲ. ಕೊನೆಗೆ ಷಿಕಾಗೊದ ಕುಕ್ ಕೌಂಟಿ ಜೈಲು ಎಷ್ಟು ರೋಗಿಗಳಿಂದ ತುಂಬಿತೆಂದರೆ, 2015ರಲ್ಲಿ ಅದರ ಮುಖ್ಯಸ್ಥೆಯಾಗಿ ಮನಶ್ಶಾಸ್ತ್ರಜ್ಞೆಯನ್ನೇ ನೇಮಿಸಿದರು. ನಮ್ಮಲ್ಲಿ ಮುಚ್ಚಲು ಅಷ್ಟು ಹಾಸಿಗೆಗಳೇ ಇರಲಿಲ್ಲ.

ಆದರೆ ಊರಲ್ಲಿ ಚಿಕಿತ್ಸೆ ಕೊಡುವುದು ಹೇಗೆ ಎಂದು ದೇಶಕ್ಕೆ ಕಲಿಸಿದ್ದೇ ಕರ್ನಾಟಕ. ನಿಮ್ಹಾನ್ಸ್‌ನವರು 1970ರ ದಶಕದಲ್ಲಿ ಬೆಂಗಳೂರಿನ ಹೊರಗೆ ಸಕಲವಾರದಲ್ಲಿ, ಆಮೇಲೆ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಮಾನಸಿಕ ಕಾಯಿಲೆಗೆ ಹಳ್ಳಿಯಲ್ಲೇ ಔಷಧ ಕೊಡಿಸಿದರು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಳ್ಳಾರಿಯ ಮಾದರಿಯಲ್ಲೇ ಕಟ್ಟಿದ್ದು. 2014ರಲ್ಲಿ ಬಂದ ಮನೋಚೈತನ್ಯ ಯೋಜನೆ ಮಂಗಳವಾರದಂದು ತಾಲ್ಲೂಕು ಆಸ್ಪತ್ರೆಗೇ ಮನೋವೈದ್ಯರನ್ನು ತರಲು ಹೊರಟಿತು. 2022ರ ಅಕ್ಟೋಬರ್‌ನಿಂದ 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿ ಇದೆ. ಈ ಸರಪಳಿಯ ಎಲ್ಲ ಕೊಂಡಿಗಳೂ ಮಂಡ್ಯ ಜಿಲ್ಲೆಯ ಕೈಗೆಟುಕುವಲ್ಲಿವೆ. ಜೈಲಿನ ಗೋಡೆಯ ಹತ್ತಿರ ಬಂದಾಗ ಕೊಂಡಿ ಕಳಚುತ್ತದೆ.

ಕಳಚಿದರೆ ಏನಾಗುತ್ತದೆ ಎಂಬುದಕ್ಕೆ ಅಸ್ಸಾಮಿನ ಮಚಾಂಗ್ ಲಾಲುಂಗ್‌ಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. 1951ರಲ್ಲಿ ಹೊಡೆದಾಟದ ಆರೋಪದ ಮೇಲೆ ಬಂಧನ, ಆಮೇಲೆ ತೇಜಪುರದ ಮಾನಸಿಕ ಆಸ್ಪತ್ರೆ. 1967ರಲ್ಲಿ ಇವರು ಗುಣವಾಗಿದ್ದಾರೆ ಎಂದು ಆಸ್ಪತ್ರೆ ಬರೆದುಕೊಟ್ಟಿತು. ಅದಾದ ಮೇಲೂ ಮನೆಗೆ ಕಳಿಸಲಿಲ್ಲ, ಗುವಾಹಟಿಯ ಜೈಲಿಗೆ ಸೇರಿಸಿದರು. ಹೊರಬಂದದ್ದು 2005ರಲ್ಲಿ, 54 ವರ್ಷಗಳ ನಂತರ. ಸುಪ್ರೀಂ ಕೋರ್ಟ್ ಮೂರು ಲಕ್ಷ ರೂಪಾಯಿ ಪರಿಹಾರ, ತಿಂಗಳಿಗೆ ಸಾವಿರ ರೂಪಾಯಿ ಕೊಡಿಸಿತು. ಎರಡೇ ವರ್ಷಕ್ಕೆ ತೀರಿಕೊಂಡರು. ಯಾರೂ ಅವರನ್ನು ಬೇಕೆಂದು ಅಷ್ಟು ವರ್ಷ ಕೂಡಿಹಾಕಲಿಲ್ಲ. ಆಸ್ಪತ್ರೆ, ಜೈಲು, ಕೋರ್ಟ್ ಮೂರರಲ್ಲಿ ಒಂದರ ಕಾಗದವನ್ನು ಇನ್ನೊಂದು ನೋಡಲಿಲ್ಲ, ಅಷ್ಟೆ. ಅಂಥವರು ಇವತ್ತು ಯಾವುದಾದರೂ ಜೈಲಿನಲ್ಲಿದ್ದಾರೆಯೇ ಎಂದು ತಿಳಿಯಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಮಾಡಬೇಕಾದ್ದು ಒಂದು ಪಟ್ಟಿ: ವಿಚಾರಣೆಗೆ ಯೋಗ್ಯನಲ್ಲ ಎಂದು ಕಡತ ಬದಿಗಿಟ್ಟವರು ಯಾರು, ಕೊನೆಯ ವೈದ್ಯಕೀಯ ವರದಿ ಯಾವ ತಾರೀಖಿನದು, ಮುಂದಿನ ತಾರೀಖು ಬಿದ್ದಿದೆಯೇ.

ಬಿಡುಗಡೆಯ ದಿನದ ಮಾತೂ ಇದೆ. ಜಾಮೀನು ಆದೇಶ ಸಂಜೆ ತಲುಪಿ, ಕತ್ತಲಾಗುವ ಹೊತ್ತಿಗೆ ಕೈದಿಯನ್ನು ಹೊರಗೆ ಕಳಿಸುತ್ತಾರೆ. ಒಳಗೆ ಆರು ತಿಂಗಳು ನಡೆದ ಔಷಧದ ಹೆಸರು ಅವನಿಗೂ ಗೊತ್ತಿರುವುದಿಲ್ಲ, ಮನೆಯವರಿಗೂ ಗೊತ್ತಿರುವುದಿಲ್ಲ. ಮಾತ್ರೆ ನಿಲ್ಲುತ್ತದೆ, ಕಾಯಿಲೆ ಮರುಕಳಿಸುತ್ತದೆ, ಮತ್ತೆ ಜಗಳ, ಮತ್ತೆ ಅದೇ ಠಾಣೆ. ಹೊರಡುವವನ ಕೈಗೆ ಹದಿನೈದು ದಿನದ ಮಾತ್ರೆ, ಕನ್ನಡದಲ್ಲಿ ಬರೆದ ಚಿಕಿತ್ಸೆಯ ಚೀಟಿ, ಯಾವ ವಾರ ಯಾವ ಆಸ್ಪತ್ರೆಗೆ ಹೋಗಬೇಕು ಎಂಬ ವಿವರ ಕೊಟ್ಟು, ಅದೇ ದಿನ ಅವನ ತಾಲ್ಲೂಕು ಆಸ್ಪತ್ರೆಗೂ ಅವನ ಊರಿನ ಆಶಾ ಕಾರ್ಯಕರ್ತೆಗೂ ಫೋನ್ ಮಾಡಿ ತಿಳಿಸಬೇಕು. ಮೂರು ತಿಂಗಳಿಗೊಮ್ಮೆ ಮಂಡಳಿಗೆ ಹೋಗುವ ವರದಿಯಲ್ಲಿ ಹಾಗೆ ಕಳಿಸಿದವರು ಎಷ್ಟು ಮಂದಿ, ಅವರಲ್ಲಿ ಎಷ್ಟು ಜನ ಆಸ್ಪತ್ರೆ ತಲುಪಿದರು ಎಂಬ ಎರಡು ಕಾಲಂ ಸೇರಿಸಲು ಮಂಡ್ಯದ ಜಿಲ್ಲಾಡಳಿತ ಯಾರ ಅಪ್ಪಣೆಗೂ ಕಾಯಬೇಕಿಲ್ಲ.